ಪಡುವಣ ಸೀಮೆಯ ಚಿತ್ರಗಳ ಪುನರಾಗಮನ: ನೆಲ ಯಾರದು, ನುಡಿ ಯಾರದು?

ಸತ್ತಿತು, ಮುಗಿಯಿತು, ಇನ್ನದರ ಹೆಸರೆತ್ತಬೇಡಿರೆಂದು ಬಲ್ಲವರು ನಾಲ್ಕಾರು ಸಲ ಸಾರಿದ ಮೇಲೆಯೂ ಒಂದು ವಸ್ತುವು ಮತ್ತೆ ಮತ್ತೆ ಎದ್ದು ಬರುವದಾದರೆ, ಅದರಲ್ಲಿ ಬರಿಯ ಮನೋರಂಜನೆಗಿಂತ ಹೆಚ್ಚಿನದೇನೋ ಅಡಗಿರಲೇಬೇಕು. ಅಮೇರಿಕೆಯವರು ‘ವೆಸ್ಟರ್ನ್’ ಎಂದು ಕರೆಯುವ, ಪಡುವಣ ಬಯಲುಸೀಮೆಯ ಕುದುರೆಸವಾರರ ಚಲಚ್ಚಿತ್ರಗಳು ಅಂಥವು. ಕಳೆದ ನಾಲ್ಕು ದಶಕಗಳಲ್ಲಿ ಅವು ಚಿತ್ರಮಂದಿರಗಳಿಂದ ಹೊರಟುಹೋಗಿ, ಮರಳಿ ಬಂದು, ಮತ್ತೆ ಹೋಗಿ, ಮತ್ತೆ ಬಂದಿವೆ. ಈ ಹೋಗು-ಬರುವಿಕೆಯನ್ನು ಕುರಿತು ನಾವು ಇಂದು ನಾಲ್ಕು ಮಾತು ಬರೆಯಬಯಸುತ್ತೇವೆ. ಕುದುರೆ, ಕೋವಿ, ಧೂಳುಗಳ ಈ ಆಟಕ್ಕೂ ಕನ್ನಡ ನಾಡಿನ ಹಿತಚಿಂತನೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ಒಂದು ಜನಾಂಗದ ಕಥೆಯನ್ನು ಯಾರು ಹೇಳಬೇಕು, ಯಾವ ನುಡಿಯಲ್ಲಿ ಹೇಳಬೇಕು ಎಂಬ ಪ್ರಶ್ನೆಯು ಅಲ್ಲಿಯೂ ಇದೆ, ಇಲ್ಲಿಯೂ ಇದೆ.

ಮೊದಲು ಇತಿಹಾಸವನ್ನು ನೋಡೋಣ. ಅಮೇರಿಕೆಯ ೧೮೯೦ರ ಜನಗಣತಿಯು, ಬಿಳಿಯರ ವಸತಿಗೂ ಕಾಡುನೆಲಕ್ಕೂ ನಡುವಣ ಎಲ್ಲೆಗೆರೆಯೆಂಬದು ಇನ್ನು ಉಳಿದಿಲ್ಲವೆಂದು ಸಾರಿತು. ಅದೇ ವರ್ಷದ ಡಿಸೆಂಬರದಲ್ಲಿ ವೂಂಡೆಡ್ ನೀ ಎಂಬ ಹಳ್ಳದ ಬಳಿಯಲ್ಲಿ ಸರಕಾರದ ದಂಡು ಲಕೋಟಾ ಜನರ ಗಂಡಸರು, ಹೆಂಗಸರು, ಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕೊಂದಿತು. ಇದಾಗಿ ೧೩ ವರ್ಷಗಳಿಗೆ, ೧೯೦೩ರಲ್ಲಿ, ಎಡಿಸನ್ ಕಂಪನಿಗಾಗಿ ಎಡ್ವಿನ್ ಪೋರ್ಟರ್ ಎಂಬವನು ‘ದಿ ಗ್ರೇಟ್ ಟ್ರೇನ್ ರಾಬರಿ’ ಎಂಬ ಸುಮಾರು ೧೨ ನಿಮಿಷದ ಮೂಕಚಿತ್ರವನ್ನು ತೆಗೆದನು. ಪಡುವಣದ ಕಥೆಯೆಂದು ತೋರಿಸಿದ ಆ ಚಿತ್ರದ ಬಹುಭಾಗವು ಮೂಡಣ ಕರಾವಳಿಯ ನ್ಯೂಜರ್ಸಿಯಲ್ಲಿ ತಯಾರಾಯಿತೆಂಬದು ಒಂದು ಮೋಜಿನ ಸಂಗತಿ. ನೆಲವನ್ನು ಗೆದ್ದವರು ಗೆದ್ದ ಬೆನ್ನಿಗೇ ಆ ಗೆಲವನ್ನು ಪುರಾಣವಾಗಿ ಹಾಡತೊಡಗಿದರು. ಕತ್ತಿಯ ಕೆಲಸವು ಮುಗಿದಲ್ಲಿ ಕಥೆಯ ಕೆಲಸವು ಮೊದಲಾಗುವದು ಎಲ್ಲ ಸಾಮ್ರಾಜ್ಯಗಳ ರೀತಿಯೇ ಆಗಿರುತ್ತದೆ.

ಈ ಚಿತ್ರಗಳಲ್ಲಿ ಗುಣವೇ ಇರಲಿಲ್ಲವೆಂದು ನಾವು ಹೇಳುವದಿಲ್ಲ. ಜಾನ್ ಫೋರ್ಡನು ೧೯೩೯ರಲ್ಲಿ ತೆಗೆದ ‘ಸ್ಟೇಜ್‌ಕೋಚ್’ ಚಿತ್ರವನ್ನು ಇಂದಿಗೂ ಚಿತ್ರಕಲೆಯ ಅಭ್ಯಾಸಿಗಳು ಪಾಠದಂತೆ ನೋಡುತ್ತಾರೆ. ೧೯೫೨ರ ‘ಹೈ ನೂನ್’ ಚಿತ್ರದಲ್ಲಿ ಊರವರೆಲ್ಲರೂ ಅಂಜಿ ಬಾಗಿಲಿಕ್ಕಿಕೊಂಡಾಗ ಒಬ್ಬನೇ ಅಧಿಕಾರಿಯು ಕರ್ತವ್ಯಕ್ಕೆ ನಿಲ್ಲುತ್ತಾನೆ. ಅದನ್ನು ಬರೆದ ಕಾರ್ಲ್ ಫೋರ್‌ಮನ್ನನನ್ನು ಅದೇ ಕಾಲದಲ್ಲಿ ಸರಕಾರದ ವಿಚಾರಣಾ ಸಮಿತಿಯು ಕರೆಯಿಸಿತ್ತು. ಗೆಳೆಯರ ಹೆಸರು ಹೇಳಲು ಒಪ್ಪದ್ದರಿಂದ ಅವನು ಹಾಲಿವುಡ್ಡಿನಿಂದ ಬಹಿಷ್ಕೃತನಾಗಿ ದೇಶವನ್ನೇ ಬಿಡಬೇಕಾಯಿತು. ಹೀಗೆ ಕುದುರೆಯ ಕಥೆಯ ಮರೆಯಲ್ಲಿ ಕಾಲದ ಕಥೆಯನ್ನು ಹೇಳಬಲ್ಲ ಶಕ್ತಿಯು ಆ ಪ್ರಕಾರಕ್ಕೆ ಇತ್ತು. ಆದರೆ ಈ ಎಲ್ಲ ಧೈರ್ಯ, ಎಲ್ಲ ನ್ಯಾಯ, ಎಲ್ಲ ಏಕಾಂತ ವೀರತ್ವವೂ ಒಂದು ಪಕ್ಷದ ಸೊತ್ತಾಗಿದ್ದವು. ಆ ನೆಲದಲ್ಲಿ ಸಾವಿರಾರು ವರ್ಷಗಳಿಂದ ಬಾಳಿದವರು ಗುಡ್ಡದ ಮೇಲೆ ಸಾಲಾಗಿ ನಿಂತು ಕೂಗುವ, ಕುದುರೆಯಿಂದ ಉರುಳಿ ಬೀಳುವ ಗುಂಪು ಮಾತ್ರ. ಅವರಿಗೆ ಹೆಸರಿಲ್ಲ, ಮನೆಯಿಲ್ಲ, ಮಾತಿಲ್ಲ.

ಮಾತಿಲ್ಲವೆಂಬದನ್ನು ನಾವು ಅಲಂಕಾರಕ್ಕಾಗಿ ಹೇಳಿದ್ದಲ್ಲ. ಫೋರ್ಡನಿಗೆ ಪ್ರಿಯವಾದ, ಕೆಂಪುಬಂಡೆಗಳು ಗೋಪುರಗಳಂತೆ ನಿಂತಿರುವ ಮಾನ್ಯುಮೆಂಟ್ ವ್ಯಾಲಿಯೆಂಬ ಕಣಿವೆಯು ನವಾಹೋ ಜನರ ನೆಲ. ‘ಸ್ಟೇಜ್‌ಕೋಚ್’ ಚಿತ್ರದಲ್ಲಿ ಆ ನವಾಹೋ ಜನರೇ ಅಪಾಚೆಗಳ ವೇಷ ಹಾಕಿದರು. ೧೯೬೪ರಲ್ಲಿ ಅದೇ ಫೋರ್ಡನು, ಮೂಲನಿವಾಸಿಗಳಿಗಾದ ಅನ್ಯಾಯವನ್ನು ಹೇಳಬೇಕೆಂದೇ ‘ಚೆಯೆನ್ ಆಟಮ್’ ಎಂಬ ಚಿತ್ರವನ್ನು ತೆಗೆದನು. ಉದ್ದೇಶವು ಒಳ್ಳೆಯದೇ. ಆದರೆ ಅಲ್ಲಿಯೂ ಚೆಯೆನ್ ಜನರಾಗಿ ಕಾಣಿಸಿಕೊಂಡವರಲ್ಲಿ ಬಹುಮಂದಿ ನವಾಹೋಗಳು. ಅವರು ಆಡಿದ್ದು ನವಾಹೋ ಮಾತು. ಚೆಯೆನ್ ನುಡಿಯೇ ಬೇರೆ, ನವಾಹೋ ನುಡಿಯೇ ಬೇರೆ. ಎರಡರ ಕುಲವೂ ಬೇರೆ. ಕನ್ನಡಿಗನ ಪಾತ್ರಕ್ಕೆ ಬಂಗಾಲಿಯನ್ನು ನಿಲ್ಲಿಸಿ ಬಂಗಾಲಿಯನ್ನೇ ಆಡಿಸಿ, ಯಾವ ಭಾಷೆಯಾದರೇನು, ನೋಡುವವರಿಗೆ ತಿಳಿಯುವದೇ ಎಂದಂತಾಯಿತು. ತಿಳಿಯದವರಿಗಾಗಿ ತೆಗೆದ ಚಿತ್ರದಲ್ಲಿ ತಿಳಿದವರ ಗಣನೆಯೇ ಇರಲಿಲ್ಲ.

ಮುಂದೆ ಇಳಿಗಾಲವು ಬಂದಿತು. ಮನೆಮನೆಯ ದೂರದರ್ಶನದಲ್ಲಿ ಪಡುವಣದ ಕಥೆಗಳು ದಿನದ ಊಟದಂತಾದವು. ‘ಗನ್‌ಸ್ಮೋಕ್’ ಎಂಬ ಒಂದೇ ಮಾಲೆಯು ೧೯೫೫ರಿಂದ ೧೯೭೫ರ ವರೆಗೆ ೨೦ ವರ್ಷ ನಡೆಯಿತು. ಅಷ್ಟರಲ್ಲಿ ವಿಯೆಟ್ನಾಮದ ಯುದ್ಧವು ಅಮೇರಿಕೆಯ ತರುಣರಲ್ಲಿ ತಮ್ಮ ದೇಶದ ಶೂರತನದ ಕಥೆಗಳ ಬಗೆಗೇ ಸಂಶಯವನ್ನು ಹುಟ್ಟಿಸಿತು. ಕೊನೆಗೆ ೧೯೮೦ರಲ್ಲಿ ಮೈಕೇಲ್ ಚಿಮಿನೋ ಎಂಬವನ ‘ಹೆವೆನ್ಸ್ ಗೇಟ್’ ಚಿತ್ರಕ್ಕೆ ಸುಮಾರು ೪ ಕೋಟಿ ೪೦ ಲಕ್ಷ ಡಾಲರು ವೆಚ್ಚವಾಗಿ, ಅಮೇರಿಕೆಯಲ್ಲಿ ೪೦ ಲಕ್ಷ ಡಾಲರು ಕೂಡ ಮರಳಿ ಬರಲಿಲ್ಲ. ಚಾಪ್ಲಿನ್ ಮೊದಲಾದವರು ೧೯೧೯ರಲ್ಲಿ ಕಟ್ಟಿದ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಯು ಮರುವರ್ಷವೇ ಬೇರೆಯವರಿಗೆ ಮಾರಾಟವಾಯಿತು. ಇನ್ನು ಈ ಬಗೆಯ ಚಿತ್ರಕ್ಕೆ ಹಣ ಹಾಕುವವನು ಮೂರ್ಖನೆಂದು ವ್ಯಾಪಾರಿಗಳು ತೀರ್ಮಾನಿಸಿದರು.

ಆದರೂ ಹತ್ತು ವರ್ಷಗಳಲ್ಲಿ ಅದು ಮರಳಿತು. ೧೯೯೦ರಲ್ಲಿ ಕೆವಿನ್ ಕಾಸ್ಟ್ನರನು ‘ಡಾನ್ಸಸ್ ವಿತ್ ವುಲ್ವ್ಸ್’ ಚಿತ್ರವನ್ನು ತೆಗೆದನು. ಮೂರು ಗಂಟೆಯ ಆ ಚಿತ್ರದಲ್ಲಿ ಲಕೋಟಾ ಜನರು ಲಕೋಟಾ ನುಡಿಯನ್ನೇ ಆಡುತ್ತಾರೆ. ಇಂಗ್ಲಿಷ್ ಬಲ್ಲ ಪ್ರೇಕ್ಷಕನು ಕೆಳಗಿನ ಅಕ್ಷರಗಳನ್ನು ಓದಿಕೊಳ್ಳಬೇಕು. ಅಕ್ಷರ ಓದುವ ಚಿತ್ರಕ್ಕೆ ಯಾರು ಬಂದಾರು ಎಂದವರಿದ್ದರು. ಜನರು ಬಂದರು. ೭ ಆಸ್ಕರ್ ಪಾರಿತೋಷಕಗಳೂ ಬಂದವು. ಅತ್ಯುತ್ತಮ ಚಿತ್ರದ ಪಾರಿತೋಷಕವು ‘ಸಿಮರಾನ್’ ಎಂಬ ೧೯೩೧ರ ಚಿತ್ರದ ತರುವಾಯ ಪಡುವಣದ ಚಿತ್ರವೊಂದಕ್ಕೆ ದೊರೆತದ್ದು ಅದೇ ಮೊದಲು. ೧೯೯೨ರಲ್ಲಿ ಕ್ಲಿಂಟ್ ಈಸ್ಟ್‌ವುಡ್ಡನ ‘ಅನ್‌ಫರ್ಗಿವನ್’ ಬಂದಿತು. ಜನ್ಮವೆಲ್ಲ ಕೋವಿ ಹಿಡಿದ ವೀರನ ಪಾತ್ರ ಮಾಡಿದ ನಟನೇ, ಕೊಲೆಯೆಂಬದು ಹಾಡಿ ಹೊಗಳುವ ವಸ್ತುವಲ್ಲವೆಂದು ತೋರಿಸಿದನು. ಅದಕ್ಕೂ ೪ ಪಾರಿತೋಷಕಗಳು.

ಅಲ್ಲಿಂದ ಇಲ್ಲಿಯ ವರೆಗೆ ಏರಿಳಿತಗಳು ನಡೆದೇ ಇವೆ. ೨೦೧೦ರ ‘ಟ್ರೂ ಗ್ರಿಟ್’ ಗೆದ್ದಿತು. ೨೦೧೩ರ ‘ದಿ ಲೋನ್ ರೇಂಜರ್’ ೨೦ ಕೋಟಿ ಡಾಲರಿಗೂ ಮಿಕ್ಕಿದ ವೆಚ್ಚದಲ್ಲಿ ತಯಾರಾಗಿ ನೆಲಕ್ಕಚ್ಚಿತು. ಮೂಲನಿವಾಸಿಯ ಪಾತ್ರವನ್ನು ಜಾನಿ ಡೆಪ್ಪನಿಗೆ ಬಣ್ಣ ಬಳಿದು ಆಡಿಸಿದ್ದಕ್ಕಾಗಿ ಅದು ಟೀಕೆಗೂ ಗುರಿಯಾಯಿತು. ೨೦೨೩ರಲ್ಲಿ ಮಾರ್ಟಿನ್ ಸ್ಕೋರ್ಸೇಸಿಯ ‘ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್’ ಚಿತ್ರಮಂದಿರಗಳಿಗೆ ಬಂದಿತು. ೧೯೨೦ರ ದಶಕದಲ್ಲಿ ಓಕ್ಲಹೋಮಾದ ಓಸೇಜ್ ಜನರ ನೆಲದಡಿಯ ತೈಲದ ಆಸೆಗಾಗಿ ಅವರನ್ನು ಒಬ್ಬೊಬ್ಬರನ್ನಾಗಿ ಕೊಂದ ಕಥೆಯದು. ಅದರಲ್ಲಿ ಓಸೇಜ್ ನುಡಿಯು ಕೇಳಿಬರುತ್ತದೆ. ನಾಯಿಕೆಯಾದ ಲಿಲಿ ಗ್ಲಾಡ್‌ಸ್ಟನ್ನರು ಅತ್ಯುತ್ತಮ ನಟಿಯ ಆಸ್ಕರಿಗೆ ಹೆಸರಿಸಲ್ಪಟ್ಟ ಮೊದಲ ಅಮೇರಿಕೆಯ ಮೂಲನಿವಾಸಿ. ಮರುವರ್ಷ, ೨೦೨೪ರ ಜೂನದಲ್ಲಿ, ಕಾಸ್ಟ್ನರನು ತನ್ನ ಸ್ವಂತ ಹಣವನ್ನೂ ಸುರಿದು ‘ಹೊರೈಜನ್’ ಎಂಬ ಮಹಾಗಾಥೆಯ ಮೊದಲ ಭಾಗವನ್ನು ತಂದನು. ಜನರು ಸಾಕಷ್ಟು ಬಾರದ್ದರಿಂದ ಅಗಸ್ಟಿನಲ್ಲಿ ಬರಬೇಕಾಗಿದ್ದ ಎರಡನೆಯ ಭಾಗವನ್ನು ಹಿಂದೆಗೆದುಕೊಳ್ಳಲಾಯಿತು.

ಸತ್ಯವನ್ನು ಹೇಳಿದ ಚಿತ್ರವೆಲ್ಲ ಗೆದ್ದಿತು, ಸುಳ್ಳನ್ನು ಹೇಳಿದ್ದೆಲ್ಲ ಬಿದ್ದಿತು ಎಂದು ನಾವು ಲೆಕ್ಕ ಮಾಡಲಾರೆವು. ಪೇಟೆಯ ಲೆಕ್ಕವು ಅಷ್ಟು ಧರ್ಮವುಳ್ಳದ್ದಲ್ಲ. ಆದರೆ ಒಂದು ಮಾತಂತೂ ನಿಜ. ಮರಳಿ ಬಂದ ಚಿತ್ರಗಳಲ್ಲಿ ಗೌರವವನ್ನು ಪಡೆದವುಗಳು ಹಳೆಯ ಪುರಾಣವನ್ನೇ ಹಾಡಿದವುಗಳಲ್ಲ. ಅದನ್ನು ಪ್ರಶ್ನಿಸಿದವುಗಳು, ಮಾತು ಕಳೆದುಕೊಂಡವರಿಗೆ ಅವರವರ ಮಾತನ್ನು ತಿರುಗಿ ಕೊಟ್ಟವುಗಳು.

ಇನ್ನು ನವಾಹೋ ಜನರ ವಿಷಯಕ್ಕೆ ಬರೋಣ. ಕನ್ನಡಿಗರು ಈ ಜನರ ಇತಿಹಾಸವನ್ನು ಓದುವದು ಅವಶ್ಯವೆಂದು ನಮಗೆ ತೋರುತ್ತದೆ. ೧೮೬೪ರಲ್ಲಿ ಅಮೇರಿಕೆಯ ದಂಡು ಅವರನ್ನು ಊರು ಬಿಡಿಸಿ ನೂರಾರು ಮೈಲು ನಡೆಯಿಸಿತು. ೧೮೬೮ರ ಒಪ್ಪಂದದ ಮೇಲೆ ಅವರು ತಮ್ಮ ನೆಲದ ಒಂದು ಭಾಗಕ್ಕೆ ಮರಳಿದರು. ಇಂದು ಅವರ ಸೀಮೆಯು ಆರಿಜೋನಾ, ನ್ಯೂ ಮೆಕ್ಸಿಕೋ, ಯೂಟಾ ಎಂಬ ಮೂರು ಸಂಸ್ಥಾನಗಳಲ್ಲಿ ಹರಡಿದೆ. ಒಂದು ಜನ, ಒಂದು ನುಡಿ, ಮೂರು ಗಡಿ! ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗೆಂದು ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ೧೯೫೬ನೆಯ ನವಂಬರ ೧ರಂದು ಒಂದಾದೆವು. ಕಾಸರಗೋಡು ಅಂದೂ ಹೊರಗುಳಿಯಿತು. ಅವರ ಪಾಲಿಗೆ ಅಂಥ ದಿನವು ಬರಲಿಲ್ಲ.

ಅವರ ನುಡಿಗಾದ ಗತಿಯನ್ನು ನೋಡಿರಿ. ೧೮೭೯ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲಿನಲ್ಲಿ ಮೂಲನಿವಾಸಿ ಮಕ್ಕಳಿಗಾಗಿ ಒಂದು ವಸತಿಶಾಲೆಯು ಹುಟ್ಟಿತು. ಅದರ ಮಾದರಿಯಲ್ಲಿ ದೇಶದ ತುಂಬ ಶಾಲೆಗಳಾದವು. ಮಕ್ಕಳ ಕೂದಲನ್ನು ಕತ್ತರಿಸಿ, ಹೆಸರನ್ನು ಬದಲಿಸಿ, ತಾಯ್ನುಡಿಯನ್ನಾಡಿದರೆ ಶಿಕ್ಷಿಸುತ್ತಿದ್ದರು. ಆದರೆ ೧೯೪೨ರಲ್ಲಿ, ಜಪಾನಿನೊಡನೆ ಯುದ್ಧ ನಡೆದಾಗ, ಶತ್ರುವಿಗೆ ತಿಳಿಯದ ಗುಪ್ತಭಾಷೆಯೊಂದು ಅದೇ ಸರಕಾರಕ್ಕೆ ಬೇಕಾಯಿತು. ಆಗ ನೌಕಾಸೈನ್ಯದವರು ೨೯ ಜನ ನವಾಹೋ ತರುಣರನ್ನು ಕರೆದು ಅವರ ನುಡಿಯಲ್ಲಿಯೇ ಸಂಕೇತವನ್ನು ಕಟ್ಟಿಸಿದರು. ಅದನ್ನು ಜಪಾನಿನವರು ಒಡೆಯಲಾರದೆ ಹೋದರು. ಶಾಲೆಯಲ್ಲಿ ಪೆಟ್ಟು ತಿಂದ ನುಡಿಯು ರಣದಲ್ಲಿ ದೇಶವನ್ನು ಕಾಯ್ದಿತು. ಆ ಸಂಗತಿಯನ್ನು ಬಹಿರಂಗಪಡಿಸಲು ೧೯೬೮ರ ವರೆಗೆ, ಆ ೨೯ ಜನರಿಗೆ ಬಂಗಾರದ ಪದಕವನ್ನು ಕೊಡಲು ೨೦೦೧ರ ವರೆಗೆ ಕಾಯಬೇಕಾಯಿತು. ತಾಯ್ನುಡಿಯಿಂದ ಏನು ಪ್ರಯೋಜನವೆಂದು ಕೇಳುವ ನಮ್ಮ ಪಟ್ಟಣಿಗರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಈಗ ಈ ಜನರು ಏನು ಮಾಡಿದ್ದಾರೆ? ತಮ್ಮ ಮಕ್ಕಳು ನುಡಿಯನ್ನು ಮರೆಯುತ್ತಿರುವದನ್ನು ಕಂಡು, ಅವರು ಚಿತ್ರಗಳನ್ನು ತಮ್ಮ ನುಡಿಗೆ ಮಾತು ಕೂಡಿಸಿ ತಂದುಕೊಂಡರು. ೨೦೧೩ರಲ್ಲಿ ‘ಸ್ಟಾರ್ ವಾರ್ಸ್’, ೨೦೧೬ರಲ್ಲಿ ‘ಫೈಂಡಿಂಗ್ ನೀಮೋ’, ೨೦೨೧ರಲ್ಲಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’. ಈ ಕೊನೆಯದು ವೆಸ್ಟರ್ನ್ ಎಂಬದನ್ನು ಗಮನಿಸಿರಿ. ಜಪಾನಿನ ಕುರೊಸಾವಾ ೧೯೬೧ರಲ್ಲಿ ತೆಗೆದ ‘ಯೋಜಿಂಬೋ’ ಚಿತ್ರದ ಕಥೆಯನ್ನೆತ್ತಿಕೊಂಡು, ಇಟಲಿಯ ಸೆರ್ಜಿಯೋ ಲಿಯೋನೆಯು, ಸ್ಪೇನದ ನೆಲದಲ್ಲಿ, ಅಮೇರಿಕೆಯ ಈಸ್ಟ್‌ವುಡ್ಡನನ್ನು ನಿಲ್ಲಿಸಿ ೧೯೬೪ರಲ್ಲಿ ತೆಗೆದ ಚಿತ್ರವದು. ಅದು ಇಷ್ಟೆಲ್ಲ ದೇಶಗಳನ್ನು ಸುತ್ತಿ, ಕೊನೆಗೆ ನವಾಹೋ ನಾಡಿನಲ್ಲಿ ನವಾಹೋ ಮಾತನಾಡಿತು. ಯಾವ ಬಗೆಯ ಚಿತ್ರಗಳಲ್ಲಿ ಅವರು ಕುದುರೆಯಿಂದ ಬೀಳುವ ಗುಂಪಾಗಿದ್ದರೋ ಆ ಬಗೆಯ ಚಿತ್ರವನ್ನೇ ಅವರು ತಮ್ಮ ನುಡಿಯ ಆಳನ್ನಾಗಿ ದುಡಿಸಿಕೊಂಡರು. ವೆಸ್ಟರ್ನ್ ಚಿತ್ರಗಳ ಪುನರಾಗಮನಗಳಲ್ಲೆಲ್ಲ ನಮಗೆ ಅತ್ಯಂತ ಮಹತ್ವದ್ದಾಗಿ ತೋರುವದು ಇದೇ. ಹಾಲಿವುಡ್ಡಿನ ಹಣದ ಪುನರಾಗಮನಕ್ಕಿಂತ ಇದು ದೊಡ್ಡದು.

ಇನ್ನು ನಮ್ಮ ಮನೆಯ ಮಾತು. ಪಡುವಣದ ಚಿತ್ರಗಳ ಜಾಡಿನಲ್ಲಿ ಭಾರತದಲ್ಲಿ ಹುಟ್ಟಿದ ಅತಿ ಪ್ರಸಿದ್ಧ ಚಿತ್ರವು ರಮೇಶ ಸಿಪ್ಪಿಯವರ ‘ಶೋಲೆ’. ೧೯೭೫ನೆಯ ಅಗಸ್ಟ ೧೫ರಂದು ಬಿಡುಗಡೆಯಾದ ಅದು ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ ೫ ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ೨೦೧೪ರಲ್ಲಿ ಮೂರು ಆಯಾಮಗಳ ಹೊಸ ರೂಪದಲ್ಲಿ ತಿರುಗಿ ಬಂದಿತು. ಅದರ ಬಂಡೆಗಳು ಎಲ್ಲಿಯವು? ನಮ್ಮ ರಾಮನಗರದವು. ರಾಮದೇವರ ಬೆಟ್ಟದ ಬುಡದಲ್ಲಿ ಊರನ್ನೇ ಕಟ್ಟಿ ಚಿತ್ರವನ್ನು ತೆಗೆದರು. ಬೆಳ್ಳಿತೆರೆಯ ಮೇಲೆ ಆ ನೆಲದ ಹೆಸರು ರಾಮಗಢ. ಅಲ್ಲಿಯ ಜನರ ಮಾತು ಹಿಂದಿ. ಆ ಬೆಟ್ಟಗಳನ್ನು ಕೋಟ್ಯವಧಿ ಜನರು ಕಂಡರು. ಅವು ಕನ್ನಡ ನಾಡಿನವೆಂದು ಅವರಲ್ಲಿ ಎಷ್ಟು ಜನರಿಗೆ ಗೊತ್ತು? ಚಿತ್ರವು ಚೆನ್ನಾಗಿದೆ, ಅದನ್ನು ತೆಗೆದವರ ಮೇಲೆ ನಮಗೆ ಯಾವ ಮತ್ಸರವೂ ಇಲ್ಲ. ಆದರೆ ಮಾನ್ಯುಮೆಂಟ್ ವ್ಯಾಲಿಯಲ್ಲಿ ನವಾಹೋಗಳಿಗೆ ಆದದ್ದರ ಒಂದು ನೆರಳು ಇಲ್ಲಿಯೂ ಬಿದ್ದಿದೆಯೆಂದು ಹೇಳದೆ ಇರಲಾರೆವು. ನೆಲವು ನಮ್ಮದು, ಹೆಸರು ಬೇರೆಯವರದು, ನುಡಿ ಬೇರೆಯವರದು.

ಆಗ ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸುವದೇ ಇಲ್ಲಿ ನಿಂತುಹೋಗಿತ್ತು. ೧೯೬೦ರ ದಶಕದಲ್ಲಿ ಅ. ನ. ಕೃಷ್ಣರಾಯರಂಥ ಹಿರಿಯರು ಅದನ್ನು ವಿರೋಧಿಸಿದ್ದಕ್ಕೆ ಕಾರಣವಿತ್ತು. ನಮ್ಮ ಮೊದಲ ವಾಕ್ಚಿತ್ರವಾದ ೧೯೩೪ರ ‘ಸತಿ ಸುಲೋಚನ’ವೇ ಕೊಲ್ಹಾಪುರದಲ್ಲಿ ತಯಾರಾಗಬೇಕಾಯಿತು, ಅನಂತರವೂ ಬಹುಕಾಲ ನಮ್ಮ ಚಿತ್ರಗಳು ಮದ್ರಾಸಿನ ಸ್ಟುಡಿಯೋಗಳಲ್ಲಿ ಹುಟ್ಟುತ್ತಿದ್ದವು. ಎಳೆಯ ಸಸಿಗೆ ಬೇಲಿ ಬೇಕಿತ್ತು. ಆ ಬೇಲಿಯ ಒಳಗೆ ಕನ್ನಡ ಚಿತ್ರರಂಗವು ಬೆಳೆಯಿತೆಂಬದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬೇಲಿಯ ಇನ್ನೊಂದು ಫಲವನ್ನೂ ನೋಡಬೇಕು. ೧೯೬೯ರ ‘ಮೆಕೆನ್ನಾಸ್ ಗೋಲ್ಡ್’ ಎಂಬ ವೆಸ್ಟರ್ನ್ ಚಿತ್ರಕ್ಕೆ ಭಾರತದ ಜನರೆಲ್ಲ ಮುಗಿಬಿದ್ದಾಗ, ಕನ್ನಡಿಗನು ಅದನ್ನು ಕನ್ನಡದಲ್ಲಿ ನೋಡಲಿಲ್ಲ. ಪರದೇಶದ ಚಿತ್ರಗಳನ್ನು ಅವನು ಇಂಗ್ಲಿಷಿನಲ್ಲಿ ಕೇಳಿದನು. ಮುಂದೆ ಹಿಂದಿಯಲ್ಲಿ, ತೆಲುಗಿನಲ್ಲಿ, ತಮಿಳಿನಲ್ಲಿ ಕೇಳಿದನು. ತನ್ನ ನುಡಿಯಲ್ಲಿ ಮಾತ್ರ ಕೇಳಲಿಲ್ಲ. ಚಿತ್ರವು ಬರುವದು ತಪ್ಪಲಿಲ್ಲ, ಕನ್ನಡವು ಬರುವದು ತಪ್ಪಿತು. ೨೦೧೫ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಈ ತಡೆಯು ಸಲ್ಲದೆಂದು ತೀರ್ಪಿತ್ತಿತು. ೨೦೧೭ರಿಂದ ಕನ್ನಡದ ಮಾತು ಕೂಡಿಸಿದ ಚಿತ್ರಗಳು ಮತ್ತೆ ಚಿತ್ರಮಂದಿರಗಳಿಗೆ ಬರತೊಡಗಿದವು.

ನಮ್ಮ ಅಭಿಪ್ರಾಯವು ಸ್ಪಷ್ಟವಾಗಿದೆ. ಪಡುವಣದ ಚಿತ್ರಗಳು ಬರಲಿ. ಬರುವದಾದರೆ ಕನ್ನಡದಲ್ಲಿ ಬರಲಿ. ಎರಡು ಲಕ್ಷವನ್ನೂ ಮುಟ್ಟದಷ್ಟು ಜನರಾಡುವ ನವಾಹೋ ನುಡಿಯಲ್ಲಿ ಈಸ್ಟ್‌ವುಡ್ಡನು ಮಾತನಾಡಬಲ್ಲನಾದರೆ, ೨೦೧೧ರ ಜನಗಣತಿಯಂತೆ ೪ ಕೋಟಿ ೩೭ ಲಕ್ಷ ಜನರ ತಾಯ್ನುಡಿಯಾದ ಕನ್ನಡದಲ್ಲಿ ಏಕೆ ಮಾತನಾಡಲಾರನು? ಆದರೆ ಆ ಕನ್ನಡವು ಅವಸರದ ತರ್ಜುಮೆಯ ಕಲಬೆರಕೆಯಾಗಬಾರದು. ಬಯಲುಸೀಮೆಯ ದನಗಾರನ ಬಾಯಲ್ಲಿ ಧಾರವಾಡ-ವಿಜಾಪುರದ ಕಡೆಯ ಗಟ್ಟಿಮಾತು ಎಷ್ಟು ಸಲೀಸಾಗಿ ಕುಳಿತುಕೊಂಡೀತು! ಇದು ನುಡಿಬಲ್ಲ ಲೇಖಕರ ಕೆಲಸ; ಅವರಿಗೆ ತಕ್ಕ ಸಂಭಾವನೆಯನ್ನು ಕೊಟ್ಟು ಮಾಡಿಸಬೇಕಾದ ಕೆಲಸ. ಇದರಿಂದ ಕನ್ನಡ ಚಿತ್ರಗಳ ಕೆಲಸಗಾರರ ಅನ್ನಕ್ಕೆ ಕುತ್ತು ಬಂದೀತೆಂಬ ಅಂಜಿಕೆಯನ್ನು ನಾವು ಹಗುರಾಗಿ ಕಾಣುವದಿಲ್ಲ. ಆ ಕೆಲಸಗಾರರಿಗೆ ಸಹಾಯಬೇಕಾದರೆ ಸರಕಾರವು ಕೊಡಲಿ, ಚಿತ್ರೋದ್ಯಮವು ಕೊಡಲಿ. ಪ್ರೇಕ್ಷಕನ ಕಿವಿಯಿಂದ ಕನ್ನಡವನ್ನು ಕಸಿದು ಕೊಡುವ ಸಹಾಯವು ಸಹಾಯವಲ್ಲ.

ಇಷ್ಟಕ್ಕೇ ನಿಂತರೆ ನಾವು ಬರಿಯ ಗಿರಾಕಿಗಳಾದೆವು. ನಮ್ಮಲ್ಲಿಯೂ ಎಲ್ಲೆಗೆರೆಯ ಕಥೆಗಳಿಲ್ಲವೇ? ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಿರೆಂದು ಇಂಗ್ಲಿಷರು ಆಜ್ಞೆ ಮಾಡಿದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಿಸಲಿಲ್ಲ. ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಆ ಬೇಡರ ಹೆಸರನ್ನು ಉಳಿಸಿದ್ದು ಲಾವಣಿಕಾರರ ಕನ್ನಡ. ಈ ಕಥೆಯನ್ನು ಗೆದ್ದವರ ಕಡೆಯಿಂದ ತೆಗೆದರೆ ಬೇಡರು ಗುಡ್ಡದ ಮೇಲಿನಿಂದ ಉರುಳುವ ಗುಂಪಾಗುತ್ತಾರೆ. ಹಲಗಲಿಯ ಕಡೆಯಿಂದ ತೆಗೆದರೆ ಮನುಷ್ಯರಾಗುತ್ತಾರೆ. ೧೯೬೧ರ ‘ಕಿತ್ತೂರು ಚೆನ್ನಮ್ಮ’ನನ್ನೂ ೨೦೧೨ರ ‘ಸಂಗೊಳ್ಳಿ ರಾಯಣ್ಣ’ನನ್ನೂ ನಮ್ಮ ಜನರು ಆದರದಿಂದ ನೋಡಿದ್ದಾರೆ. ನೋಡುವ ಕಣ್ಣುಗಳಿವೆ, ತೆಗೆಯುವ ಕೈಗಳು ಇನ್ನೂ ಹೆಚ್ಚಬೇಕು.

ಇನ್ನೊಂದು ಮಾತನ್ನು ಹೇಳದಿದ್ದರೆ ನಾವು ನ್ಯಾಯವನ್ನು ಬಿಟ್ಟಂತಾಗುವದು. ದೊಡ್ಡ ನುಡಿಯ ಎದುರಿಗೆ ನಾವು ಕೇಳುವ ಹಕ್ಕನ್ನು ನಮ್ಮೊಳಗಿನ ಚಿಕ್ಕ ನುಡಿಗಳಿಗೆ ನಾವೇ ಕೊಡಬೇಕು. ತುಳು, ಕೊಡವ, ಕೊಂಕಣಿ, ಬ್ಯಾರಿ, ಲಂಬಾಣಿ ಮಾತುಗಳು ನಮ್ಮ ನಾಡಿನ ಮಕ್ಕಳ ಬಾಯಲ್ಲಿವೆ. ಆ ಜನರನ್ನು ನಮ್ಮ ಚಿತ್ರಗಳಲ್ಲಿ ನಗೆಗೀಡಾಗುವ ಪಾತ್ರಗಳಾಗಿ ಮಾತ್ರ ನಿಲ್ಲಿಸಿದರೆ, ಹಾಲಿವುಡ್ಡಿನವರು ಮೂಲನಿವಾಸಿಗಳಿಗೆ ಮಾಡಿದ್ದನ್ನೇ ನಾವು ಇವರಿಗೆ ಮಾಡಿದಂತಾಯಿತು. ಅವರವರ ಮಾತಿಗೆ ಅವರವರ ಮನೆಯಲ್ಲಿ ಮಾನವಿದ್ದಾಗಲೇ ಕರ್ನಾಟಕದ ಏಕೀಕರಣವು ಹೃದಯದ ಏಕೀಕರಣವಾಗುವದು.

ಶಿಕ್ಷಕ ಬಂಧುಗಳಲ್ಲಿ ನಮ್ಮದೊಂದು ವಿಜ್ಞಾಪನೆಯಿದೆ. ನಿಮ್ಮ ವಿದ್ಯಾರ್ಥಿಗಳು ಈ ಚಿತ್ರಗಳನ್ನು ಹೇಗೂ ನೋಡುವರು. ಬೇಡವೆಂದರೆ ಕದ್ದು ನೋಡುವರು. ಅವರಿಗೆ ಬೇಡವೆನ್ನುವ ಬದಲು ಮೂರು ಪ್ರಶ್ನೆಗಳನ್ನು ಕಲಿಸಿರಿ. ಈ ನೆಲ ಯಾರದು? ಈ ಮಾತು ಯಾರದು? ಈ ಕಥೆಯಲ್ಲಿ ಹೆಸರಿಲ್ಲದೆ ಸತ್ತವನು ಯಾರು? ಈ ಮೂರನ್ನು ಕೇಳಬಲ್ಲ ಹುಡುಗನು ಯಾವ ದೇಶದ ಚಿತ್ರವನ್ನು ನೋಡಿದರೂ ಕೆಡಲಾರನು. ಮುಂದೆ ಅವನೇ ರಾಮನಗರದ ಬಂಡೆಗಳ ನಡುವೆ ನಿಂತು, ಆ ಬೆಟ್ಟವನ್ನು ಅದರ ಹೆಸರಿನಿಂದ ಕರೆದು, ಅಲ್ಲಿಯವರ ಕಥೆಯನ್ನು ಅಲ್ಲಿಯವರ ಮಾತಿನಲ್ಲಿ ಹೇಳಿದರೆ, ಅಂಥ ಚಿತ್ರಕ್ಕಾಗಿ ನಮ್ಮ ಚಿತ್ರಮಂದಿರಗಳ ಬಾಗಿಲು ತೆರೆದೇ ಇರಲಿ.